ಜಾಲಿ, ಕಗ್ಗಲಿ ಬೇರೆಯಾದ ವರ್ಷ

ಯುಗಾದಿಗೆ ಸುಣ್ಣ ಹೊಡೆಸೋಣ ಅಂತ ಮುಂದಿನ ಕೋಣೆಯ ಅಟ್ಟ ಖಾಲಿ ಮಾಡಿಸುತ್ತಿದ್ದೆ. ಹರಿದ ಗೋಣಿಚೀಲಗಳ ಹಿಂದಿನಿಂದ ಹಳೇ ಪೇಪರಿನ ಕಟ್ಟೊಂದು ಕೆಳಗೆ ಬಿತ್ತು. ದಾರ ಬಿಚ್ಚಿದರೆ ಒಳಗೆ ಒಣಗಿದ ಜಾಲಿ ಹೂವು, ಮುಟ್ಟಿದರೆ ಪುಡಿಯಾಗುವಂತಿತ್ತು. ಪೇಪರಿನ ಮುಗ್ಗಲು ವಾಸನೆ, ಅದರೊಳಗೆ ಒಂದು ಚೂರು ಸಿಹಿ ವಾಸನೆ. ಗಿಡದ ಮೇಡಂ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಆ ಚಳಿಗಾಲ ಪೂರ್ತಿ ಎದ್ದು ಬಂದು ಎದುರಿಗೆ ಕೂತಿತು. ಕಟ್ಟನ್ನು ಒಲೆಗೆ ಹಾಕುವಂತಿಲ್ಲ, ಜಾಲಿ ನಮ್ಮ ಕುಲದ ಮರ. ತಿಪ್ಪೆಗೆ ಹಾಕಿಸಿದೆ. ಬರೆದಿಡೋಣ ಅನ್ನಿಸಿದ್ದು ಆಮೇಲೆ.

ನಮ್ಮದು ಮಧುಗಿರಿ ತಾಲ್ಲೂಕು, ಪುರವರದಿಂದ ಒಳಗೆ ಹೋಗಬೇಕಾದ ಸಣ್ಣ ಹಳ್ಳಿ. ನಮ್ಮ ಜನರಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಮರ. ಅತ್ತಿಯವರು ಅತ್ತಿಮರ ಕಡಿಯುವುದಿಲ್ಲ. ಜಾಲಿಯವರು ಜಾಲಿ ಉರಿಸುವುದಿಲ್ಲ, ಅದರ ಕಡ್ಡಿಯಲ್ಲಿ ಹಲ್ಲುಜ್ಜುವುದಿಲ್ಲ. ಒಂದು ಕುಲದವರೆಲ್ಲ ಅಣ್ಣತಂಗಿಯರು, ಅವರೊಳಗೆ ಮದುವೆ ಇಲ್ಲ. ನಾನು ಹುಟ್ಟಿದ್ದು ಕೊರಟಗೆರೆ ಕಡೆ, ಹೊಳವನಹಳ್ಳಿ ಹತ್ತಿರ, ಅತ್ತಿ ಕುಲದಲ್ಲಿ. ಮದುವೆಯಾಗಿ ಜಾಲಿಯವಳಾದೆ. ಜಾಲಿಗೂ ಕಗ್ಗಲಿಗೂ ಮಾತ್ರ ಇನ್ನೊಂದು ಕಟ್ಟು ಇದೆ. ಎರಡೂ ಮುಳ್ಳಿನ ಮರ, ಒಂದೇ ತಾಯಿಯ ಮಕ್ಕಳು, ಜಾಲಿ ಅಣ್ಣ, ಕಗ್ಗಲಿ ತಮ್ಮ ಅಂತ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹಾಗಾಗಿ ಆ ಎರಡು ಕುಲದ ನಡುವೆಯೂ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ.

ನನ್ನ ಮೊಮ್ಮಗಳು ಮಂಜುಳ ಕಗ್ಗಲಿಯವರ ಹುಡುಗನನ್ನು ಇಷ್ಟಪಟ್ಟಳು.

ಊರ ಡೇರಿಯಲ್ಲಿ ಹಾಲು ಅಳೆದು ಡಿಗ್ರಿ ನೋಡುವ ಕೆಲಸ ಅವಳದು. ಹಾಲಿನ ವ್ಯಾನು ತರುತ್ತಿದ್ದವನು ನಾಗರಾಜ, ಶಿರಾ ಕಡೆಯವನು. ಕ್ಯಾನು ಎತ್ತಿಡುವ ಹೊತ್ತಿನಲ್ಲಿ ಅವರಿಬ್ಬರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಅವಳು ಮದುವೆ ಅಂತ ಆದರೆ ಅವನನ್ನೇ ಅನ್ನುವ ಮಟ್ಟಕ್ಕೆ ಬಂದಿದ್ದಳು. ಅವಳ ತಾಯಿ ಅವಳು ಅಂಬೆಗಾಲಿಡುವಾಗಲೇ ತೀರಿಹೋದಳು. ಸಾಕಿದ್ದು ನಾನು. ಅವಳ ಅಪ್ಪ, ನನ್ನ ಮಗ ರಂಗ, ಕೆಟ್ಟವನಲ್ಲ. ಹುಡುಗ ಒಳ್ಳೆಯವನು ಅಂತ ಅವನೂ ಒಪ್ಪಿದ್ದ.

“ಬೇರೆ ಯಾವ ಮರದೋನಾಗಿದ್ರೂ ನಾನೇ ಹೋಗಿ ಮಾತಾಡ್ತಿದ್ದೆ ಕಣವ್ವ. ತಮ್ಮನ ಕುಲ ಅಂದ್ರೆ ತಮ್ಮನೇ ಅಲ್ವಾ. ಇವ್ಳನ್ನ ಕಳಿಸಿದ್ರೆ ನಮ್ಮನ್ನ ಕುಲದಿಂದ ಹೊರಗೆ ಹಾಕ್ತಾರೆ. ನಾಳೆ ನೀನು ಸತ್ರೆ ಹೆಣ ಎತ್ತಕ್ಕೂ ಒಬ್ರೂ ಬರಲ್ಲ.”

“ನಾನು ಸತ್ತ ಮೇಲೆ ಅದು ನಿನ್ನ ಕಷ್ಟ,” ಅಂದೆ.

ಅವನು ಅವಳ ಫೋನು ಕಿತ್ತಿಟ್ಟುಕೊಂಡ, ಡೇರಿ ಕೆಲಸ ಬಿಡಿಸಿದ. ಬಾಗಿಲಿಗೆ ಬೀಗ ಹಾಕಲಿಲ್ಲ. ಬೀಗ ಬೇಕಿರಲಿಲ್ಲ, ನಾನಿದ್ದೆ. “ಅಜ್ಜಿ ಕಣ್ಣು ತಪ್ಪಿಸಿ ಹೊಸಿಲು ದಾಟಬ್ಯಾಡ,” ಅಂತ ಅವಳಿಗೆ ಹೇಳಿದ. ಅಂದರೆ ನಾನೂ ಅವಳನ್ನು ಬಿಟ್ಟು ಹೊಸಿಲು ದಾಟುವಂತಿಲ್ಲ. ಕಟ್ಟಿ ಹಾಕಿದ ಎಮ್ಮೆಯ ಹಗ್ಗದ ಇನ್ನೊಂದು ತುದಿ ನನ್ನ ಸೊಂಟಕ್ಕೆ ಬಿತ್ತು. ಅವಳು ಹಿತ್ತಲಿಗೆ ಹೋದರೆ ನಾನೂ ಹಿತ್ತಲಿಗೆ. ಅವಳು ಮಲಗಿದರೆ ಬಾಗಿಲಿಗೆ ಅಡ್ಡ ನನ್ನ ಚಾಪೆ. ಕಡಲೆಕಾಯಿ ಬಿಡಿಸುವುದಕ್ಕೆ ಊರ ಹೆಂಗಸರೆಲ್ಲ ಹೊಲಕ್ಕೆ ಹೋದರು, ನಾನು ಹೋಗಲಿಲ್ಲ. ರಾಗಿ ಕೊಯ್ಲಿಗೂ ಹೋಗಲಿಲ್ಲ. ಹುಟ್ಟಿದಾಗಿನಿಂದ ರಾಗಿ ಕೊಯ್ಯದೆ ಇದ್ದ ವರ್ಷ ಅದೊಂದೇ. ಮೈಯೆಲ್ಲ ಜಡ ಹಿಡಿದು, ಮಂಡಿ ಮರದ ಕೊರಡಾಯಿತು.

ಗಿಡದ ಮೇಡಂ ಬಂದಿದ್ದು ಕಾರ್ತಿಕದಲ್ಲಿ. ಬೆಂಗಳೂರಿನ ಯಾವುದೋ ಕಾಲೇಜಿನವರು. ಗಂಡಸಿನ ಹಾಗೆ ಪ್ಯಾಂಟು, ಬೂಟು, ತಲೆಗೆ ಟೋಪಿ. ಅವರೇ ಜೀಪು ಓಡಿಸಿಕೊಂಡು ಬಂದಿದ್ದರು. ನಾಲ್ಕು ತಾಲ್ಲೂಕಿನ ಮುಳ್ಳಿನ ಮರಗಳನ್ನೆಲ್ಲ ನೋಡಬೇಕು, ಮಧ್ಯದಲ್ಲಿ ಒಂದು ಕೋಣೆ ಬೇಕು ಅಂದರು. ನಮ್ಮ ಮುಂದಿನ ಕೋಣೆ ಖಾಲಿ ಇತ್ತು. ರಂಗ ಕೊಟ್ಟ. ಮಾರನೇ ದಿನ ಅವರು ಒಂದು ಹೊರೆ ಜಾಲಿ ಕೊಂಬೆ ಹೊತ್ತುಕೊಂಡು ಬಂದಾಗ ಎದೆ ಬಡಿದುಕೊಂಡ.

“ಅಯ್ಯೋ ಮೇಡಂ, ಇದು ನಮ್ಮ ಕುಲದ್ದು. ಕಡಿದು ಮನೆಯೊಳಕ್ಕೆ ತರಂಗಿಲ್ಲ.”

“ಬೇರೆಯವರ ಹೊಲದ್ದು. ನಾನು ಉರಿಸೋದಿಲ್ಲ, ಪೇಪರಿನಲ್ಲಿ ಇಟ್ಟು ಒಣಗಿಸ್ತೀನಿ, ಅಷ್ಟೇ,” ಅಂದರು ಮೇಡಂ.

ರಂಗ ನನ್ನ ಮುಖ ನೋಡಿದ. “ಉರಿಸಬಾರದು ಅಂತ ಐತೆ. ಒಣಗಿಸಬಾರದು ಅಂತ ಯಾರೂ ಹೇಳಿಲ್ಲ. ಬುಡು,” ಅಂದೆ. ಹೊಸ ಮುಖವೊಂದು ಮನೆಯಲ್ಲಿದ್ದರೆ ನನಗೂ ಹೊತ್ತು ಹೋಗುತ್ತದೆ ಅನ್ನುವುದಷ್ಟೇ ನನ್ನ ಲೆಕ್ಕ.

ಅವರ ಕೆಲಸ ಹೀಗೆ. ಕೊಂಬೆಯಿಂದ ಒಂದು ಕವಲು ಕತ್ತರಿಸಿ, ಎಲೆ, ಹೂವು, ಮುಳ್ಳು, ಕಾಯಿ ಎಲ್ಲ ಕಾಣುವ ಹಾಗೆ ಪೇಪರಿನ ಮೇಲೆ ಹರಡಿ, ಮೇಲೆ ಇನ್ನೊಂದು ಪೇಪರು, ಅದರ ಮೇಲೆ ರಟ್ಟು. ಹಾಗೆ ಒಟ್ಟಿ ಹಲಗೆ ನಡುವೆ ಬಿಗಿದು ಪಟ್ಟಿ ಕಟ್ಟುತ್ತಿದ್ದರು. ದಿನಾ ಪೇಪರು ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅವರು ಬೆಳಗಾಗುತ್ತಲೇ ಹೊರಟು ಒಂದು ದಿನ ಶಿರಾ, ಇನ್ನೊಂದು ದಿನ ಪಾವಗಡ, ನಾಗಲಮಡಿಕೆ ಆಚೆ ಆಂಧ್ರದ ಗಡಿಯವರೆಗೂ ಹೋಗಿಬರುತ್ತಿದ್ದರು. ಪೇಪರು ಬದಲಾಯಿಸುವ ಕೆಲಸ ಮಂಜುಳನಿಗೆ ಬಿತ್ತು. ಮನೆಯೊಳಗೇ ಮಾಡುವ ಕೆಲಸ, ರಂಗ ಬೇಡ ಅನ್ನಲಿಲ್ಲ. ಅವಳು ಅಲ್ಲಿ ಕೂತರೆ ನಾನೂ ಅಲ್ಲೇ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದೆ.

ಸಂಜೆ ಮೇಡಂ ಬಂದು ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಅಂತ ಹೇಳುವರು. ಮಂಜುಳ ಹಸಿದವಳ ಹಾಗೆ ಕೇಳುವಳು. ಶಿರಾ ಹೆಸರು ಬಂದರೆ ಅವಳ ಕೈ ನಿಂತುಬಿಡುತ್ತಿತ್ತು.

“ಪಾವಗಡದ ಕಡೆ ಜಾಲಿಗೆ ತುಮ್ಮ ಅಂತಾರೆ, ಕಗ್ಗಲಿಗೆ ಸಂಡ್ರ ಅಂತಾರೆ,” ಅಂದರು ಒಂದು ದಿನ.

“ಹಂಗಾರೆ ಅಲ್ಲಿ ಅವೆರಡೂ ಅಣ್ಣ ತಮ್ಮ ಅಲ್ಲ ಅನ್ನಿ?” ಮಂಜುಳ ಕೇಳಿದಳು.

ಮೇಡಂ ನಕ್ಕರು. “ಇಲ್ಲಿಯೂ ಅಲ್ಲ. ಬಾ, ತೋರಿಸ್ತೀನಿ.”

ಕಗ್ಗಲಿ ಹೂವಿನ ಕಾಲ ಮುಗಿದಿತ್ತು. ಮಳೆಗಾಲದಲ್ಲಿ ಒಣಗಿಸಿ ಇಟ್ಟಿದ್ದ ಹಾಳೆಯೊಂದನ್ನು ತೆಗೆದು ಜಾಲಿ ಪಕ್ಕ ಇಟ್ಟರು. ಜಾಲಿ ಹೂವು ಗುಂಡಗೆ, ಅರಿಶಿನದ ಉಂಡೆ. ಕಗ್ಗಲಿಯದು ಉದ್ದ, ಅಳಿಲಿನ ಬಾಲ. ಜಾಲಿಯ ಮುಳ್ಳು ಎಲೆಯ ಬುಡದಲ್ಲಿ ಜೋಡಿ ಜೋಡಿ, ನೆಟ್ಟಗೆ. ಕಗ್ಗಲಿಯದು ಕೊಕ್ಕೆ, ಬೆಕ್ಕಿನ ಉಗುರು. ಇದು ನಮಗೂ ಕಾಣುವ ವಿಷಯವೇ. ಆದರೆ ಮೇಡಂ ಹೇಳಿದ್ದು ಬೇರೆ. ಹಿಂದೆ ಓದಿದವರೂ ಈ ಮುಳ್ಳಿನವನ್ನೆಲ್ಲ ಒಂದೇ ಮನೆಗೆ ಸೇರಿಸಿ ಅಕೇಶಿಯಾ ಅಂತ ಕರೆಯುತ್ತಿದ್ದರಂತೆ. ಪ್ರಪಂಚದ ಬಿಸಿಲು ದೇಶಗಳಲ್ಲೆಲ್ಲ ಇದೇ ಬಳಗವಂತೆ. ಆಮೇಲೆ ಹೂವು, ಮುಳ್ಳು ನೋಡಿ, ಮನುಷ್ಯರಿಗೆ ರಕ್ತ ಪರೀಕ್ಷೆ ಮಾಡಿದ ಹಾಗೆ ಮರದ ಒಳಗಿನದನ್ನೂ ಪರೀಕ್ಷೆ ಮಾಡಿ, ಇವು ಒಂದೇ ತಾಯಿಯ ಮಕ್ಕಳಲ್ಲ ಅಂತ ಬೇರೆ ಮಾಡಿದರಂತೆ. ಜಾಲಿಯ ಮನೆ ಈಗ ವ್ಯಾಚೆಲಿಯಾ, ಕಗ್ಗಲಿಯ ಮನೆ ಸೆನೆಗಾಲಿಯಾ. ನನ್ನ ನಾಲಿಗೆಗೆ ಅವು ಹೊರಳುವುದಿಲ್ಲ. ಮಂಜುಳ ಮಾತ್ರ ಊರಿನ ಹುಡುಗಿಯರ ಹೆಸರು ಹೇಳಿದ ಹಾಗೆ ಹೇಳಿದಳು.

ಅವತ್ತು ಅವಳು ಮುದ್ದೆ ಪೂರ್ತಿ ಉಂಡಳು. ಅಷ್ಟು ದಿನ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದವಳು.

ಅಲ್ಲಿಂದ ಅವಳು ಮೇಡಂ ಬೆನ್ನು ಬಿದ್ದಳು. ರಾಗಿ ಮನೆಗೆ ಬಂದ ಮೇಲೆ ದೇವರ ಗುಡಿ ಮುಂದೆ ಎರಡೂ ಕುಲದವರ ಕೂಟ ಸೇರುತ್ತದೆ. ಅಲ್ಲಿ ಬಂದು ಈ ಮಾತು ಹೇಳಬೇಕು ಅಂತ. ಮೇಡಂ ಒಪ್ಪಲಿಲ್ಲ. “ಮಂಜುಳ, ನಾನು ಮರದ ಕುಲ ಹೇಳಬಲ್ಲೆ. ಮನುಷ್ಯರ ಕುಲಕ್ಕೂ ಇದಕ್ಕೂ ಸಂಬಂಧ ಇಲ್ಲ.”

“ನಮ್ಮೋರು ಸಂಬಂಧ ಐತೆ ಅಂತಾರಲ್ಲ ಮೇಡಂ. ಮರ ಅಣ್ಣ ತಮ್ಮ ಅಂತಲೇ ತಾನೆ ನನ್ನ ಕೂರ್ಸಿರೋದು. ಮರ ಅಲ್ಲ ಅಂದ್ರೆ ಬುಡಬೇಕಲ್ಲ.”

ಮೇಡಂ ನನ್ನ ಕಡೆ ತಿರುಗಿದರು. “ಏನಜ್ಜಿ, ಹೇಳಲಾ?”

“ಹೇಳಿ. ನಮ್ಮೂರ ಗಂಡಸ್ರಿಗೂ ಕೇಳಕ್ಕೆ ಏನಾದ್ರೂ ಬೇಕಲ್ಲ,” ಅಂದೆ. ಆಗುತ್ತದೆ ಅಂತ ನನಗೇನೂ ನಂಬಿಕೆ ಇರಲಿಲ್ಲ. ಆದರೆ ಆಗಿಬಿಟ್ಟರೆ ನಾನೂ ಎದ್ದು ಓಡಾಡಬಹುದಿತ್ತು.

ಕೂಟದ ದಿನ ಹೊಂಗೆಮರದ ಕೆಳಗೆ ಗಂಡಸರು, ಗೋಡೆ ಬದಿ ಹೆಂಗಸರು. ಮಂಜುಳನ ಮಣಿಕಟ್ಟು ಹಿಡಿದುಕೊಂಡು ನಾನು ಕೂತೆ. ಅವಳ ನಾಡಿ ನನ್ನ ಬೆರಳಿಗೆ ಬಡಿಯುತ್ತಿತ್ತು. ಕುಲದ ಯಜಮಾನ ಕರಿಯಪ್ಪ ಮೇಡಂಗೆ ಕುರ್ಚಿ ಹಾಕಿಸಿದ. ಅವರು ಎರಡು ಹಾಳೆ ಎತ್ತಿ ತೋರಿಸಿ ಎಲ್ಲವನ್ನೂ ಚೆನ್ನಾಗಿಯೇ ಹೇಳಿದರು. ಹುಡುಗರು ಬಗ್ಗಿ ಬಗ್ಗಿ ನೋಡಿದರು. ಯಜಮಾನ ಬಾಯೊಳಗಿನ ಎಲೆಅಡಿಕೆ ಉಗಿದು ಬಂದು ಕೂತ.

“ಮೇಡಮ್ಮೋರೆ, ತಿಳಿದೋರು ನೀವು, ಒಂದೆರಡು ಮಾತು ಕೇಳ್ತೀನಿ. ಇವು ಬೇರೆ ಅಂತ ಗೊತ್ತಾಗಕ್ಕೆ ಮುಂಚೆ ಏನಂತಿದ್ರಿ?”

“ಎಲ್ಲ ಸೇರಿಸಿ ಅಕೇಶಿಯಾ ಅಂತಿದ್ದೆವು.”

“ನಮ್ಮ ತಾತ ಅಂದಂಗೆ. ಒಂದೇ ಮನೆ. ಸರಿ, ಈಗ ಪಾಲಾಯ್ತು. ಆ ಮನೆ ಹೆಸರು ಯಾರಿಗೆ ಉಳೀತು? ಅಣ್ಣಂಗೋ, ತಮ್ಮಂಗೋ?”

ಮೇಡಂ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. “ಇಬ್ಬರಿಗೂ ಇಲ್ಲ. ಆಸ್ಟ್ರೇಲಿಯಾದ ಮರಗಳಿಗೆ ಹೋಯಿತು. ಫಾರೆಸ್ಟಿನವರು ರಸ್ತೆ ಬದಿಯಲ್ಲಿ ಹಾಕಿರ್ತಾರಲ್ಲ, ಆ ಬಳಗಕ್ಕೆ.”

ಕೂಟ ಗೊಳ್ಳೆಂದಿತು. “ಆ ಮುಳ್ಳಿಲ್ಲದ್ದಕ್ಕಾ?” ಅಂದ ಒಬ್ಬ. “ಇದ್ದ ಮಕ್ಕಳು ಬೀದಿಗೆ, ಬಾಡಿಗೆಯೋನು ಯಜಮಾನ. ಚೆಂದಾಗೈತೆ ಕಣ್ಲಾ ಪಂಚಾಯ್ತಿ,” ಅಂದ ಇನ್ನೊಬ್ಬ.

“ಅಲ್ಲಿಯ ಜಾತಿಗಳು ಎಷ್ಟೋ ಪಟ್ಟು ಹೆಚ್ಚು. ಎಲ್ಲದರ ಹೆಸರು ಬದಲಾಯಿಸೋದಕ್ಕಿಂತ ಕಡಿಮೆ ಇರೋವನ್ನ ಬದಲಾಯಿಸಿದರು,” ಅಂದರು ಮೇಡಂ.

“ಹೆಚ್ಚು ಜನ ಇರೋರ ಮಾತೇ ನಡೆಯೋದು ಅನ್ನಿ. ಅದು ಇಲ್ಲೂ ಅಂಗೇ,” ಯಜಮಾನ ನಗಲಿಲ್ಲ. “ಕೊನೇದೊಂದು ಹೇಳ್ಬುಡಿ. ಇದು ಮತ್ತೆ ಬದಲಾಗಲ್ವಾ?”

ಮಂಜುಳ ನನ್ನ ಕೈ ಬಿಡಿಸಿಕೊಂಡು ಮುಂದಕ್ಕೆ ಬಗ್ಗಿದಳು. ಮೇಡಂ ಅವಳನ್ನು ನೋಡಲಿಲ್ಲ. “ಇವೆರಡೂ ಮತ್ತೆ ಒಂದಾಗ್ತವೆ ಅಂತ ನನಗೆ ಅನ್ನಿಸಲ್ಲ. ಆದರೆ ಹೊಸ ಆಧಾರ ಸಿಕ್ಕರೆ ಯಾವುದೂ ಬದಲಾಗಬಹುದು. ನಮ್ಮ ಕೆಲಸವೇ ಅದು.”

“ನೋಡಿ ಮತ್ತೆ. ಇವ್ರ ಮದುವೆ ಮಾಡಿ, ಮಕ್ಳೂ ಆಗಿ, ಆಮೇಲೆ ನಿಮ್ಮೋರು, ಇಲ್ಲ ಕಣ್ರಪ್ಪ, ಅವು ಅಣ್ಣ ತಮ್ಮನೇ ಅಂದ್ಬುಟ್ರೆ, ಆ ಮಕ್ಕಳನ್ನ ನಾವು ಏನಂತ ಕರೆಯಾದು?”

ಮೇಡಂ ಎರಡೂ ಹಾಳೆಗಳನ್ನು ರಟ್ಟಿನ ನಡುವೆ ಸೇರಿಸಿ ಎದ್ದರು. ಜನ ಎದ್ದು ಊಟಕ್ಕೆ ಹೋದರು.

ಮನೆಗೆ ಬಂದ ಮೇಲೆ ಮಂಜುಳ ಮೇಡಂ ಎದುರು ನಿಂತಳು. “ಬದಲಾಗಲ್ಲ ಅಂತ ಒಂದು ಮಾತು ಹೇಳಕ್ಕೆ ಆಗ್ತಿರಲಿಲ್ವಾ ಮೇಡಂ?”

“ಆಗ್ತಿರಲಿಲ್ಲ ಮಂಜುಳ.”

ಅವಳು ಆವತ್ತಿನಿಂದ ಪೇಪರು ಬದಲಾಯಿಸುವುದನ್ನು ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಲಗಿದಳು. ಎರಡು ಕಟ್ಟು ಬೂಷ್ಟು ಹಿಡಿದು ಹೋಯಿತು. ರಂಗ ಪಾವಗಡದ ಕಡೆ ಗಂಡು ಹುಡುಕಿದ. ಬನ್ನಿ ಕುಲದವನು, ಅರ್ಧ ತೆಲುಗು ಮಾತಾಡುವ ಮನೆ. ಸಂಕ್ರಾಂತಿ ಕಳೆದ ಮೇಲೆ ನೋಡಲು ಬರುತ್ತಾರೆ ಅಂದ. ನಾನು ಬಾಗಿಲಲ್ಲಿ ಕೂತೇ ಇದ್ದೆ. ಚಳಿಗೆ ಹೊಸಿಲು ಕಬ್ಬಿಣದ ಹಾಗೆ ಕೊರೆಯುತ್ತಿತ್ತು.

ಹೀಗಿರುವಾಗ ಮೇಡಂ ಒಂದು ಮಧ್ಯಾಹ್ನ ಹಳೇ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ಯಾರೋ ಯಾವಾಗಲೋ ಒಣಗಿಸಿ ಅಂಟಿಸಿದ ಗಿಡಗಳು. ಒಂದೊಂದರ ಮೂಲೆಯಲ್ಲೂ ಹೆಸರಿನ ಚೀಟಿ. ಮೇಡಂ ಹೊಸ ಚೀಟಿ ಬರೆದು ಅಂಟಿಸುತ್ತಿದ್ದರು.

“ಹಳೇ ಚೀಟಿ ಕೀಳಲ್ವಾ?” ಅಂತ ಕೇಳಿದೆ.

“ಕೀಳಬಾರದು ಅಜ್ಜಿ. ಅದೂ ಇರುತ್ತೆ. ಗಿಡ ಅದೇ, ಇರೋ ಮನೆ ಬೇರೆ.”

ಅದನ್ನು ಕೇಳಿ ನನಗೆ ನೆನಪಾಗಿದ್ದು ನಮ್ಮ ಚಿಕ್ಕತ್ತೆ. ಅವಳದೂ ಹೀಗೇ ಏನೋ ತೊಡಕಾಗಿ, ಬೇರೆ ಕುಲದವರೊಬ್ಬರು ಅವಳನ್ನು ಮಡಲಿಗೆ ಹಾಕಿಕೊಂಡಿದ್ದರು. ಕೂಟದ ಎದುರು ಅವರ ತೊಡೆಯ ಮೇಲೆ ಕೂತು ಎದ್ದರೆ ಆ ಮನೆಯ ಮಗಳು, ಆ ಮರದವಳು. ನಾನು ಅವರೆಕಾಯಿ ಮೊರ ಅಲ್ಲೇ ಬಿಟ್ಟು ಎದ್ದೆ. ಮಂಜುಳನನ್ನು ಬಿಟ್ಟು ಹೋಗುವಂತಿಲ್ಲ, ರಟ್ಟೆ ಹಿಡಿದು ಎಬ್ಬಿಸಿ ಜೊತೆಗೇ ಎಳೆದುಕೊಂಡು ಯಜಮಾನನ ಮನೆಗೆ ನಡೆದೆ.

“ಮಡಲಿಗೆ ಹಾಕ್ಕೊಳೋದು ಅಂತ ಇತ್ತಲ್ಲ. ಈಗ್ಲೂ ಐತಾ?”

“ಐತೆ. ಯಾರು ಹಾಕ್ಕೋತಾರೆ?”

“ನನ್ನ ತಮ್ಮ.”

“ಅತ್ತಿಯೋಳಾಗ್ತಾಳೆ. ಕಗ್ಗಲಿಗೆ ಕೊಡಬೌದು.”

“ಮತ್ತೆ ಅವತ್ತು ಕೂಟದಾಗೆ ಬಾಯಿ ಬಿಡದೆ ಯಾಕೆ ಕೂತಿದ್ದೆ?”

“ನೀವು ಮರ ಬೇರೆ ಮಾಡಿ ಅಂತ ಕೇಳಿದ್ರಿ ಕಣಕ್ಕ. ಹುಡುಗಿನ ಬೇರೆ ಮಾಡಿ ಅಂತ ಯಾರು ಕೇಳಿದ್ರು?”

ಒಂದು ಕಟ್ಟಳೆ ಇತ್ತು. ಹೆತ್ತ ಅಪ್ಪ ಎಲ್ಲರ ಎದುರು ಇವಳು ನನ್ನವಳಲ್ಲ ಅಂತ ಬಾಯಿಬಿಟ್ಟು ಹೇಳಿ ನೀರು ಬಿಡಬೇಕು. ಆಮೇಲೆ ಅವಳಿಗೆ ಇಲ್ಲಿ ತವರಿಲ್ಲ. ಧಾರೆ ಎರೆಯುವುದು ಅವನಲ್ಲ. ಬಾಣಂತನ ಇಲ್ಲಲ್ಲ. ಅವನು ಸತ್ತರೆ ಅವಳಿಗೆ ಸೂತಕವಿಲ್ಲ.

ರಂಗ ಕೇಳಿ ಕೆಂಡವಾದ. “ಬದುಕಿರೋ ಮಗಳಿಗೆ ನೀರು ಬುಡು ಅಂತೀಯಲ್ಲವ್ವ, ನೀನು ಮನುಷ್ಯಳಾ?”

“ಮನೇಲಿಟ್ಕಂಡು ಏನ್ ಮಾಡ್ತೀಯಾ, ಉಪ್ಪಿನಕಾಯಿ ಹಾಕ್ತೀಯಾ? ನನಗೆ ಕೂತು ಕೂತು ಸಾಕಾಗೈತೆ. ನಾಳೆ ನೀನು ಕಾವಲು ಕೂತ್ಕ. ಹೊಲ ನಾನು ನೋಡ್ಕೋತೀನಿ.”

ಹೇಳಿದ ಹಾಗೇ ಮಾರನೇ ದಿನ ಹೊಲಕ್ಕೆ ಹೋದೆ. ಬದುವಿನ ಮೇಲೆ ಕೂತು ತೊಗರಿ ನೋಡಿದೆ, ಬಿಸಿಲು ಕಾಯಿಸಿಕೊಂಡೆ. ಮಾಡಿದ ಕೆಲಸ ಅಷ್ಟೇ. ಸಂಜೆ ಬಂದಾಗ ರಂಗ ನನ್ನ ಜಾಗದಲ್ಲಿ, ಹೊಸಿಲ ಮೇಲೆ ಮಂಡಿ ಮಡಿಸಿಕೊಂಡು ಕೂತಿದ್ದ. ಒಳಗೆ ಮಂಜುಳ ಗೋಡೆ ಕಡೆ ತಿರುಗಿ ಮಲಗಿದ್ದಳು. ಎರಡು ತಟ್ಟೆಯಲ್ಲೂ ಮುದ್ದೆ ಒಣಗಿತ್ತು.

“ಒಂದು ಮಾತೂ ಆಡ್ಲಿಲ್ಲ ಕಣವ್ವ,” ಅಂದ. ಎದ್ದು ಟವೆಲು ಕೊಡವಿದ. “ಮಾಡ್ಸು. ಏನ್ ಮಾಡ್ಸಬೇಕೋ ಮಾಡ್ಸು.”

ಮಡಲಿಗೆ ಹಾಕಿದ್ದು ನನ್ನ ತಮ್ಮನ ಮನೆ ಅಂಗಳದಲ್ಲಿ, ಹೊಳವನಹಳ್ಳಿ ಹತ್ತಿರ. ರಂಗ ತಾಮ್ರದ ಚೊಂಬು ಹಿಡಿದು ನಿಂತ. ಹೇಳಬೇಕಾದ ಮಾತನ್ನು ತುಟಿಯೊಳಗೇ ಹೇಳಿದ. “ಕೇಳಿಸ್ಲಿಲ್ಲ ಕಣಪ್ಪ,” ಅಂದ ಯಜಮಾನ. ಮತ್ತೆ ಹೇಳಿದ. ಎಲ್ಲರಿಗೂ ಕೇಳಿಸಿತು. ಮಂಜುಳ ನೆಲ ನೋಡುತ್ತಿದ್ದಳು. ಇಷ್ಟು ದಿನ ಇದಕ್ಕೇ ಕಾದವಳು, ಮುಂದೆ ಒಂದು ಹೆಜ್ಜೆ ಇಡಲು ನಾನು ಬೆನ್ನಿಗೆ ಕೈ ಕೊಡಬೇಕಾಯಿತು. ನನ್ನ ತಮ್ಮ ಚಾಪೆ ಮೇಲೆ ಕಾಲು ಮಡಿಸಿಕೊಂಡು, “ಬೇಗ ಕೂತು ಏಳಮ್ಮಣ್ಣಿ, ಮಂಡಿ ನೋಯ್ತದೆ,” ಅಂದ. ಅವಳು ಕೂತಳು, ಎದ್ದಳು, ಅತ್ತಿಯವಳಾದಳು.

ತಮ್ಮನ ಹೆಂಡತಿ ಬಾಯಿ ಸುಮ್ಮನಿರುವುದಲ್ಲ. ಅವಳು ಅಲ್ಲೇ ಲೆಕ್ಕ ಹಾಕಿದಳು. “ಇನ್ಮೇಲೆ ಇವಳು ನಮ್ಮ ಮಗಳು. ಅಂದ್ರೆ ಅಜ್ಜಿ ಇವಳಿಗೆ ಸೋದರತ್ತೆ. ಏನ್ಲಾ ರಂಗ, ಅತ್ತೆ ಮಗ, ನಿನ್ನ ಮಗಳಿಗೆ ನೀನೇ ಭಾವ ಆದ್ಯಲ್ಲೋ.”

ಎಲ್ಲರೂ ನಕ್ಕರು. ರಂಗನೂ ನಗಲು ಹೋಗಿ, ಚೊಂಬು ಎಲ್ಲಿಡಬೇಕು ಅಂತ ಹುಡುಕುವವನ ಹಾಗೆ ಅತ್ತಿತ್ತ ನೋಡಿದ.

ಮದುವೆ ಶಿರಾದಲ್ಲಿ ಆಯಿತು. ಧಾರೆ ಎರೆದದ್ದು ನನ್ನ ತಮ್ಮ. ರಂಗ ನೆಂಟರ ಸಾಲಿನಲ್ಲಿ ಕೂತು ಉಂಡು ಬಂದ. ಮೇಡಂ ಅಷ್ಟರಲ್ಲಿ ಹೊರಟು ಹೋಗಿದ್ದರು, ಅವರು ಹೋಗುವ ಮುಂಚೆ ಮಂಜುಳ ಅವರ ಜೊತೆ ಮಾತಾಡಿದಳೋ ಇಲ್ಲವೋ ನಾನು ಕೇಳಲಿಲ್ಲ.

ಈಗ ಅವಳು ಎಲ್ಲಾದರೂ ಸಿಕ್ಕರೆ ನಾಲ್ಕು ಜನರ ಎದುರು ನನ್ನನ್ನು ಅತ್ತೆ ಅನ್ನಬೇಕು, ಅನ್ನುತ್ತಾಳೆ. ರಂಗನನ್ನು ಭಾವ ಅನ್ನುತ್ತಾಳೆ. “ಭಾವ, ಊಟ ಆಯ್ತಾ?” ಅವನು ಆಯ್ತಮ್ಮ ಅಂತ ಹೇಳಿ ಎದ್ದು ಹೋಗುತ್ತಾನೆ. ಮಗಳೇ ಅಂದರೆ ನೀರು ಬಿಟ್ಟಿದ್ದು ಸುಳ್ಳಾಗುತ್ತದೆ, ಮದುವೆ ಸುಳ್ಳಾಗುತ್ತದೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಹೋದ ವರ್ಷ ಅವಳಿಗೆ ಹೆರಿಗೆಯಾಯಿತು. ಬಾಣಂತನ ನನ್ನ ತಮ್ಮನ ಮನೆಯಲ್ಲಿ. ನಾನು ಅತ್ತೆಯಾಗಿ ಹೊರಟೆ. ರಂಗ ಬೈಕಿನಲ್ಲಿ ಪುರವರದವರೆಗೆ ಬಿಡಲು ಬಂದ. ಒಂದು ಚೀಲ ಕೊಟ್ಟ. ಬೆಲ್ಲ, ಕೊಬ್ಬರಿ, ಮೆಣಸು, ಬಾಣಂತಿಗೆ ಬೇಕಾದದ್ದೆಲ್ಲ ಆರಿಸಿ ತಂದಿದ್ದ. “ನಿನ್ನದೇ ಅಂತ ಹೇಳು,” ಅಂದ. ಬಸ್ಸು ಬಂತು. ಕಂಬಿ ಹಿಡಿದು ಹತ್ತುತ್ತಿದ್ದವಳನ್ನು ಕೆಳಗಿನಿಂದ ಕೂಗಿದ.

“ಅವ್ವ, ಮಗು ಯಾರಂಗೈತೆ ನೋಡ್ಕಂಡು ಬಾ.”

ಮಗು ಅವನ ಹಾಗೇ ಇತ್ತು. ಅದೇ ಅಗಲ ಹಣೆ, ಅದೇ ಜೋಡು ಸುಳಿ, ನಿದ್ದೆಯಲ್ಲೂ ಹುಬ್ಬು ಗಂಟು. ನೋಡಿದವರು ಯಾರೂ ಬಾಯಿ ಬಿಡಲಿಲ್ಲ. ಮಂಜುಳ ನನ್ನ ಮುಖ ನೋಡಿದಳು, ನಾನು ಮಗುವನ್ನು ತಿರುಗಿಸಿ ಮಲಗಿಸಿದೆ.

ಬಾಣಂತನ ಮುಗಿಸಿ ಊರಿಗೆ ಬಂದ ದಿನ ರಂಗ ಡೇರಿ ಹತ್ತಿರ ಹಾಲು ಹಾಕಲು ನಿಂತಿದ್ದ, ಸುತ್ತ ನಮ್ಮ ಕುಲದವರೇ. ನನ್ನನ್ನು ನೋಡಿ ಕ್ಯಾನು ಕೆಳಗಿಟ್ಟ.

“ಯಾರಂಗೈತೆ?”

“ಅತ್ತಿಯೋರಂಗೈತೆ,” ಅಂದೆ.

“ಸರಿ ಬುಡು,” ಅಂದು, ಕ್ಯಾನು ಎತ್ತಿಕೊಂಡು ಸರತಿಯಲ್ಲಿ ಮುಂದಕ್ಕೆ ಸರಿದ.